ಒಂದು ಗಂಟೆಯ ಸೆರೆಮನೆ: ‘ಪ್ರಿನ್ಸ್ ಆಫ್ ಪರ್ಷಿಯಾ’ ಇಂದಿಗೂ ಹಳಸದಿರುವುದೇಕೆ?

2024ರ ಜನವರಿಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್’ ಎಂಬ ಹೊಸ ವಿಡಿಯೋ ಗೇಮ್ ಬಿಡುಗಡೆಯಾದ ಮೇಲೆ, ಆ ಮಾಲಿಕೆಯ ಮೂಲ ಆಟವನ್ನು ಬಾಲ್ಯದಲ್ಲಿ ಆಡಿದ್ದವರು ಅದನ್ನು ಮತ್ತೆ ಹುಡುಕಿಕೊಂಡು ಹೋಗುತ್ತಿದ್ದಾರೆ. ವಿಜಯಪುರದಲ್ಲಿಯೂ ಅಂಥವರಿದ್ದಾರೆ. 1990ರ ದಶಕದಲ್ಲಿ, ಊರಿಗಿನ್ನೂ ಬಿಜಾಪುರವೆಂಬ ಹೆಸರೇ ಇದ್ದಾಗ, ಆಗಿನ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಡಾಸ್ ಎಂಬ ತಂತ್ರಾಂಶವನ್ನು ಕಲಿಯಲೆಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದ ಎಷ್ಟೋ ಹುಡುಗ ಹುಡುಗಿಯರು ಕಪ್ಪು ಪರದೆಯ ಮೇಲೆ ಮೊದಲು ಬಾಯಿಪಾಠ ಮಾಡಿಕೊಂಡ ಆದೇಶಗಳಲ್ಲಿ ಈ ಆಟವನ್ನು ತೆರೆಯುವ ಆದೇಶವೂ ಒಂದು. ಇಂದು ಅವರ ಮಕ್ಕಳು ಹೈಸ್ಕೂಲು, ಕಾಲೇಜುಗಳಲ್ಲಿದ್ದಾರೆ. ಮೊಬೈಲಿನಲ್ಲಿ ಸಿನಿಮಾದಷ್ಟೇ ನಿಚ್ಚಳವಾಗಿ ಕಾಣುವ ಆಟಗಳೊಂದಿಗೆ ಬೆಳೆದ ಈ ಮಕ್ಕಳು, ಬಿಳಿ ಉಡುಪು ತೊಟ್ಟ ಬೆರಳುದ್ದದ ಹುಡುಗನೊಬ್ಬ ಕಲ್ಲಿನ ನೆಲಮಾಳಿಗೆಯಲ್ಲಿ ಓಡುವುದನ್ನು ಕಂಡು ಮೊದಲು ನಗುತ್ತಾರೆ, ಆಮೇಲೆ ಕುರ್ಚಿ ಬಿಟ್ಟು ಏಳುವುದಿಲ್ಲ. ಹಾಗೇಕೆ ಎಂಬುದನ್ನು, ಈ ಆಟವನ್ನು ಕಂಡೇ ಇರದವರಿಗೂ ತಿಳಿಯುವಂತೆ, ಬುಡದಿಂದ ನೋಡೋಣ.

ಇದು ಎಂಥ ಆಟ?

ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಜಿಗಿಯುತ್ತ, ಹೊಂಡಗಳನ್ನು ದಾಟುತ್ತ ಮುಂದೆ ಸಾಗುವ ಆಟಗಳನ್ನು ಪ್ಲಾಟ್‌ಫಾರ್ಮ್ ಆಟಗಳು ಎನ್ನುತ್ತಾರೆ. ಮರಿಯೋ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಕಥೆ, ಹುಡುಕಾಟ, ಒಗಟುಗಳೇ ಮುಖ್ಯವಾಗಿರುವ ಆಟಗಳಿಗೆ ಸಾಹಸದ ಆಟ ಅಥವಾ ಅಡ್ವೆಂಚರ್ ಗೇಮ್ ಎಂಬ ಹೆಸರಿದೆ. ಪ್ರಿನ್ಸ್ ಆಫ್ ಪರ್ಷಿಯಾ ಈ ಎರಡರ ಕೂಡುದಾರಿಯಲ್ಲಿ ನಿಂತಿದೆ.

ಕಥೆ ಚಿಕ್ಕದು. ಸುಲ್ತಾನನು ಊರಲ್ಲಿಲ್ಲದ ಸಮಯದಲ್ಲಿ ಜಾಫರ್ ಎಂಬ ವಜೀರನು ಅಧಿಕಾರವನ್ನು ಕೈಗೆ ತೆಗೆದುಕೊಂಡು, ತನ್ನನ್ನು ಮದುವೆಯಾಗು, ಇಲ್ಲವೇ ಒಂದು ಗಂಟೆಯಲ್ಲಿ ಸಾಯಿ ಎಂದು ರಾಜಕುಮಾರಿಯ ಮುಂದೆ ಮರಳಿನ ಗಡಿಯಾರವನ್ನು ಇಟ್ಟು ಹೋಗುತ್ತಾನೆ. ಅವಳು ಪ್ರೀತಿಸಿದ ಹುಡುಗ ಅದಾಗಲೇ ಅರಮನೆಯ ನೆಲಮಾಳಿಗೆಯಲ್ಲಿ ಸೆರೆಯಾಗಿದ್ದಾನೆ. ಹೆಸರಿನಲ್ಲಿ ಪ್ರಿನ್ಸ್ ಎಂದಿದ್ದರೂ ಅವನು ರಾಜಕುಮಾರನಲ್ಲ, ಹೆಸರೇ ಇಲ್ಲದ ಒಬ್ಬ ಸಾಮಾನ್ಯ ತರುಣ. ಅವನನ್ನು ನೆಲಮಾಳಿಗೆಯಿಂದ ಮೇಲಕ್ಕೆ, ಹನ್ನೆರಡು ಹಂತಗಳ ಮೂಲಕ, 60 ನಿಮಿಷದೊಳಗೆ ರಾಜಕುಮಾರಿಯ ಕೋಣೆಗೆ ತಲುಪಿಸುವುದು ಆಡುವವರ ಕೆಲಸ.

ಇದನ್ನು ರಚಿಸಿದವರು 1964ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಜೋರ್ಡನ್ ಮೆಕ್ನರ್. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ‘ಕರಾಟೆಕಾ’ ಎಂಬ ಆಟವನ್ನು ಬರೆದು 1984ರಲ್ಲಿ ಹೆಸರು ಮಾಡಿದ್ದ ಅವರು, ಮರುವರ್ಷ ಪ್ರಿನ್ಸ್ ಕೆಲಸಕ್ಕೆ ಕೈಹಚ್ಚಿದರು. ಬ್ರೋಡರ್‌ಬಂಡ್ ಎಂಬ ಕಂಪನಿಯು ಅದನ್ನು 1989ರಲ್ಲಿ ಆಪಲ್ 2 ಎಂಬ ಕಂಪ್ಯೂಟರಿಗಾಗಿ ಹೊರತಂದಿತು. ಅಷ್ಟು ಹೊತ್ತಿಗೆ ಆಪಲ್ 2ರ ಕಾಲವೇ ಮುಗಿಯುತ್ತ ಬಂದಿದ್ದರಿಂದ ಮೊದಮೊದಲು ಮಾರಾಟ ಮಂದವಾಗಿತ್ತು. ಬೇರೆ ಬೇರೆ ಯಂತ್ರಗಳಿಗೆ ಹೊಂದಿಸಿದ ಆವೃತ್ತಿಗಳು ಬಂದ ಮೇಲೆಯೇ ಅದು ಜಗತ್ತಿನಾದ್ಯಂತ ಹಬ್ಬಿತು. ನಮ್ಮ ಕಡೆಯ ಕಂಪ್ಯೂಟರ್ ಕ್ಲಾಸುಗಳಲ್ಲಿ ಕಂಡದ್ದು 1990ರ ಡಾಸ್ ಆವೃತ್ತಿ.

ಮೈಗೆ ತೂಕ ಬಂದದ್ದು ಹೇಗೆ?

ಈ ಆಟವನ್ನು ಮೊದಲ ಸಲ ಕಂಡವರು ಗುರುತಿಸುವುದು ಹುಡುಗನ ಚಲನೆಯನ್ನು. ಅವನು ಓಡಲು ಶುರುಮಾಡುವ ಮೊದಲು ಮೈಯನ್ನು ಮುಂದಕ್ಕೆ ಬಾಗಿಸುತ್ತಾನೆ, ನಿಲ್ಲುವಾಗ ಕಾಲನ್ನು ಊರಿ ಜಾರುತ್ತಾನೆ, ತಿರುಗುವಾಗ ಸೊಂಟದಿಂದ ತಿರುಗುತ್ತಾನೆ, ಗೋಡೆಯಂಚಿಗೆ ಜೋತುಬಿದ್ದಾಗ ಕಾಲುಗಳು ಒಮ್ಮೆ ತೂಗಾಡಿ ನಿಲ್ಲುತ್ತವೆ. ಆ ಕಾಲದ ಬೇರೆ ಆಟಗಳಲ್ಲಿ ಹೀಗಿರಲಿಲ್ಲ. 1985ರ ಸೂಪರ್ ಮರಿಯೋ ಬ್ರದರ್ಸ್ ಆಟದಲ್ಲಿ ಚಿಕ್ಕ ಮರಿಯೋನ ಓಟಕ್ಕೆ ಇರುವ ಚಿತ್ರಗಳು ಮೂರೇ ಮೂರು. ಅವನ್ನೇ ತಿರುಗಾಮುರುಗಾ ತೋರಿಸಿ ಓಟದ ಭ್ರಮೆಯನ್ನು ಹುಟ್ಟಿಸಲಾಗಿತ್ತು.

ಇಲ್ಲಿ ಒಂದು ಪದವನ್ನು ತಿಳಿದುಕೊಳ್ಳಬೇಕು. ಪರದೆಯ ಮೇಲಿನ ಚಲನೆಯೆಲ್ಲವೂ ಒಂದರ ಹಿಂದೆ ಒಂದರಂತೆ ತೋರಿಸಿದ ನಿಂತ ಚಿತ್ರಗಳೇ. ಅಂಥ ಒಂದೊಂದು ಚಿತ್ರಕ್ಕೂ ಫ್ರೇಮ್ ಎನ್ನುತ್ತಾರೆ. ಪ್ರಿನ್ಸ್ ಆಟದಲ್ಲಿ ಸೆಕೆಂಡಿಗೆ ಸುಮಾರು 12 ಫ್ರೇಮುಗಳು ದಾಟಿಹೋಗುತ್ತವೆ. ಇಂದಿನ ಬಹಳಷ್ಟು ಆಟಗಳು 60 ತೋರಿಸುತ್ತವೆ. ಆದರೂ ಹಳೆಯ ಆಟದ ಹುಡುಗ ಜೀವಂತವಾಗಿ ಕಾಣುವುದಕ್ಕೆ ಕಾರಣ ಫ್ರೇಮುಗಳ ಸಂಖ್ಯೆಯಲ್ಲ, ಒಂದೊಂದು ಫ್ರೇಮೂ ನಿಜವಾದ ದೇಹದಿಂದ ಬಂದಿರುವುದು.

ಮೆಕ್ನರ್ ತಮ್ಮನ ಹೆಸರು ಡೇವಿಡ್. ಆತನಿಗೆ ಬಿಳಿ ಬಟ್ಟೆ ತೊಡಿಸಿ, ನ್ಯೂಯಾರ್ಕ್ ರಾಜ್ಯದ ತಮ್ಮ ಊರಿನಲ್ಲಿ, ಹೈಸ್ಕೂಲಿನ ಎದುರಿಗಿದ್ದ ಒಂದು ಕಚೇರಿಯ ವಾಹನ ನಿಲ್ದಾಣದಲ್ಲಿ ಓಡಲು, ಜಿಗಿಯಲು, ಗೋಡೆ ಹತ್ತಲು ಹೇಳಿ ವಿಡಿಯೋ ಕ್ಯಾಮೆರಾದಲ್ಲಿ ಸೆರೆಹಿಡಿದರು. ಆಮೇಲಿನ ಕೆಲಸ ತಾಳ್ಮೆಯದು. ಆ ವಿಡಿಯೋವನ್ನು ಟಿವಿಯಲ್ಲಿ ಹಾಕಿ, ಒಂದೊಂದು ಫ್ರೇಮಿಗೂ ನಿಲ್ಲಿಸಿ, ಟಿವಿ ಪರದೆಯ ಫೋಟೋ ತೆಗೆದರು. ತೊಳೆಸಿ ತಂದ ಫೋಟೋಗಳ ಮೇಲೆ ಕಪ್ಪು ಮಾರ್ಕರ್ ಪೆನ್ನಿನಿಂದ ಹಿನ್ನೆಲೆಯನ್ನು ಮುಚ್ಚಿ, ಬಿಳಿ ವೈಟ್ನರಿನಿಂದ ಮೈಯ ಆಕಾರವನ್ನು ತಿದ್ದಿ, ಝೆರಾಕ್ಸ್ ಮಾಡಿಸಿದರು. ಕಪ್ಪು ಬಿಳುಪಿನ ಆ ಆಕೃತಿಗಳನ್ನು ಕ್ಯಾಮೆರಾದ ಮೂಲಕ ಕಂಪ್ಯೂಟರಿಗೆ ಇಳಿಸಿ, ಕೊನೆಗೆ ಒಂದೊಂದು ಚುಕ್ಕೆಯನ್ನೂ ಕೈಯಿಂದ ಸರಿಪಡಿಸಿದರು. ನಿಜವಾದ ಮನುಷ್ಯರ ಚಲನೆಯ ಮೇಲೆ ಗೆರೆ ಎಳೆದು ಚಿತ್ರ ತೆಗೆಯುವ ಈ ವಿಧಾನಕ್ಕೆ ರೋಟೋಸ್ಕೋಪಿಂಗ್ ಎಂದು ಹೆಸರು. ಇದು ಮೆಕ್ನರ್ ಕಂಡುಹಿಡಿದದ್ದಲ್ಲ. ವ್ಯಂಗ್ಯಚಿತ್ರಗಳ ನಿರ್ಮಾಪಕ ಮ್ಯಾಕ್ಸ್ ಫ್ಲೈಷರ್ 1915ರಲ್ಲೇ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಒಬ್ಬ ತರುಣ ತನ್ನ ಮನೆಯ ಸಾಮಾನುಗಳಿಂದಲೇ ಅದನ್ನು ಕಂಪ್ಯೂಟರ್ ಆಟಕ್ಕೆ ಹೊಂದಿಸಿದ್ದು ಇಲ್ಲಿನ ವಿಶೇಷ.

ಕತ್ತಿವರಸೆಗೆ ಮಾತ್ರ ತಮ್ಮನಿಂದ ಆಗಲಿಲ್ಲ, ಆತನಿಗೆ ಕತ್ತಿ ಹಿಡಿದು ಗೊತ್ತಿರಲಿಲ್ಲ. ಅದಕ್ಕೆ 1938ರ ಹಾಲಿವುಡ್ ರಾಬಿನ್ ಹುಡ್ ಚಿತ್ರದ ಕೊನೆಯ ಕಾಳಗವೇ ಆಧಾರವಾಯಿತು. ಎರೊಲ್ ಫ್ಲಿನ್ ಮತ್ತು ಬೇಸಿಲ್ ರ‍್ಯಾತ್‌ಬೋನ್ ಎದುರುಬದುರಾಗಿ ಕಾದಾಡುವ ಆ ದೃಶ್ಯದಲ್ಲಿ ಇಬ್ಬರೂ ಪಕ್ಕದಿಂದ ಪೂರ್ತಿಯಾಗಿ ಕಾಣುವ ಕೆಲವೇ ಸೆಕೆಂಡುಗಳಿವೆ. ಆಟದ ಕಾಳಗಗಳೆಲ್ಲ ಹುಟ್ಟಿದ್ದು ಆ ಕೆಲವು ಸೆಕೆಂಡುಗಳಿಂದ.

ಕೀ ಒತ್ತಿದ ಮೇಲೆ ಹಿಂದೆ ಸರಿಯಲಾಗದು

ನಿಜವಾದ ದೇಹದ ಚಲನೆಯನ್ನು ತಂದದ್ದರಿಂದ ಇನ್ನೊಂದು ಪರಿಣಾಮವಾಯಿತು, ನನ್ನ ಮಟ್ಟಿಗೆ ಆಟದ ಆಯುಷ್ಯಕ್ಕೆ ಇದೇ ದೊಡ್ಡ ಕಾರಣ. ಹೆಚ್ಚಿನ ಆಟಗಳಲ್ಲಿ ಬಟನ್ ಬಿಟ್ಟ ಕ್ಷಣವೇ ಪಾತ್ರ ನಿಲ್ಲುತ್ತದೆ, ಗಾಳಿಯಲ್ಲಿದ್ದಾಗಲೂ ದಿಕ್ಕು ಬದಲಿಸಬಹುದು. ಇಲ್ಲಿ ಹಾಗಿಲ್ಲ. ನಮ್ಮ ಜಿಲ್ಲೆಗಳ ಜಾತ್ರೆಗಳಲ್ಲಿ ಶರ್ಯತ್ತಿಗೆ ಬಿಟ್ಟ ಚಕ್ಕಡಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಹಗ್ಗ ಜಗ್ಗಿದ ಜಾಗದಲ್ಲೇ ಎತ್ತುಗಳು ನಿಲ್ಲುವುದಿಲ್ಲ, ಗಾಲಿಗಳು ಇನ್ನಷ್ಟು ದೂರ ಹೋಗಿಯೇ ನಿಲ್ಲುತ್ತವೆ, ಆದ್ದರಿಂದ ಚಕ್ಕಡಿ ಹೊಡೆಯುವವನು ನಿಲ್ಲಬೇಕಾದ ಜಾಗಕ್ಕೆ ಮೊದಲೇ ಜಗ್ಗುತ್ತಾನೆ. ಪ್ರಿನ್ಸ್ ಆಡುವವನೂ ಹೊಂಡದ ಅಂಚಿಗೆ ಬಂದ ಮೇಲೆ ಜಿಗಿಯುವ ಕೀ ಒತ್ತಿದರೆ ತಡವಾಯಿತೆಂದೇ ಲೆಕ್ಕ, ಒಂದು ಹೆಜ್ಜೆ ಮೊದಲೇ ಒತ್ತಿರಬೇಕು. ಜಿಗಿತ ಒಮ್ಮೆ ಶುರುವಾಯಿತೆಂದರೆ ಅದು ಮುಗಿಯುವವರೆಗೂ ಆಡುವವನಿಗೆ ಮಾಡಲು ಉಳಿಯುವುದು ಒಂದೇ ಕೆಲಸ, ಎದುರಿನ ಅಂಚನ್ನು ಹಿಡಿಯಲು ಶಿಫ್ಟ್ ಕೀಯನ್ನು ಒತ್ತಿ ಹಿಡಿಯುವುದು.

ಹೊಸಬರಿಗೆ ಇದು ಮೊದಲು ಕಿರಿಕಿರಿಯೆನಿಸುತ್ತದೆ. ಹೇಳಿದ ಮಾತು ಕೇಳದ ಹುಡುಗ ಎನ್ನಿಸುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಅವನ ಹೆಜ್ಜೆಯ ಅಳತೆ ಕೈಗೆ ಬರತೊಡಗುತ್ತದೆ, ಮತ್ತು ಅಳತೆ ಎಲ್ಲಿಯೂ ಬದಲಾಗುವುದಿಲ್ಲ ಎಂಬುದು ತಿಳಿಯುತ್ತದೆ. ಆಟದ ಪ್ರತಿಯೊಂದು ಕೋಣೆಯೂ ಮೂರು ಅಂತಸ್ತು, ಒಂದೊಂದು ಅಂತಸ್ತಿನಲ್ಲಿ ಹತ್ತು ಹಾಸುಗಲ್ಲು ಎಂಬ ಒಂದೇ ಅಚ್ಚಿನಲ್ಲಿ ಕಟ್ಟಿದ್ದು. ನಿಂತಲ್ಲಿಂದ ಜಿಗಿದರೆ ಎಷ್ಟು ಕಲ್ಲು, ಓಡಿ ಜಿಗಿದರೆ ಎಷ್ಟು ಕಲ್ಲು ಎಂಬುದು ಮೊದಲ ಹಂತದಲ್ಲಿ ಹೇಗೋ ಕೊನೆಯ ಹಂತದಲ್ಲೂ ಹಾಗೆಯೇ. ಆದ್ದರಿಂದ ಹೊಸ ಕೋಣೆಗೆ ಕಾಲಿಟ್ಟಾಗ ನಿಂತು, ಕಲ್ಲುಗಳನ್ನು ಎಣಿಸಿ, ದಾಟಲಾದೀತೋ ಇಲ್ಲವೋ ಎಂದು ಮೊದಲೇ ನಿರ್ಧರಿಸಬಹುದು. ಕಂಪ್ಯೂಟರ್ ಕ್ಲಾಸಿನಲ್ಲಿ ಬೆನ್ನ ಹಿಂದೆ ನಿಂತ ಹಿರಿಯ ಹುಡುಗರು “ಓಡಬ್ಯಾಡೋ ತಮ್ಮಾ, ಶಿಫ್ಟ್ ಹಿಡಿದು ಒಂದೊಂದ ಹೆಜ್ಜಿ ಹಾಕು” ಎನ್ನುತ್ತಿದ್ದುದು ಈ ಎಣಿಕೆಯನ್ನೇ.

ಬೀಳುವುದಕ್ಕೂ ನಿಯಮವಿದೆ. ಒಂದು ಅಂತಸ್ತು ಬಿದ್ದರೆ ಏನೂ ಆಗುವುದಿಲ್ಲ. ಎರಡು ಅಂತಸ್ತು ಬಿದ್ದರೆ ಪರದೆಯ ಕೆಳಗಿನ ಎಡಮೂಲೆಯಲ್ಲಿರುವ ಕೆಂಪು ತ್ರಿಕೋನಗಳಲ್ಲಿ ಒಂದು ಆರಿಹೋಗುತ್ತದೆ. ಆಟದ ಮೊದಲಿಗೆ ಅಂಥವು ಮೂರು ಇರುತ್ತವೆ, ಅವೇ ಅವನ ಜೀವ. ಮೂರು ಅಂತಸ್ತು ಬಿದ್ದರೆ ಸಾವು. ನೆಲದಿಂದ ಚಿಮ್ಮುವ ಮೊನಚು ಸಲಾಕೆಗಳ ನಿಯಮ ಇನ್ನೂ ಸೊಗಸಾದದ್ದು. ಅವುಗಳ ಮೇಲೆ ಓಡಿದರೆ ಅಥವಾ ಬಿದ್ದರೆ ಹುಡುಗ ಸಾಯುತ್ತಾನೆ, ಅವುಗಳ ನಡುವೆ ಮೆಲ್ಲಗೆ ಹೆಜ್ಜೆಯಿಟ್ಟು ನಡೆದರೆ ಒಂದು ಗೀರೂ ತಾಗುವುದಿಲ್ಲ. ಇದನ್ನು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಆಡುವವನೇ ಒಮ್ಮೆ ಸತ್ತು, ಇನ್ನೊಮ್ಮೆ ಹೆದರಿ ಮೆಲ್ಲಗೆ ನಡೆದು ಕಂಡುಕೊಳ್ಳುತ್ತಾನೆ.

ಈ ನಿಯಮಗಳು ಕಾವಲುಗಾರರಿಗೂ ಅನ್ವಯಿಸುತ್ತವೆ. ಕತ್ತಿಯೇಟಿನಿಂದ ಹಿಂದೆ ತಳ್ಳುತ್ತ ಹೋದರೆ ಅವರೂ ಅಂಚಿನಿಂದ ಕೆಳಗೆ ಬೀಳುತ್ತಾರೆ. ಮೂರನೆಯ ಹಂತದಲ್ಲಿ ಎದ್ದುನಿಲ್ಲುವ ಅಸ್ಥಿಪಂಜರ ಕತ್ತಿಯೇಟಿಗೆ ಸಾಯುವುದೇ ಇಲ್ಲ. ಸಾಯದವನನ್ನು ಏನು ಮಾಡುವುದು ಎಂದು ಕೈಚೆಲ್ಲುವ ಹೊತ್ತಿಗೆ, ಅದನ್ನೂ ಹೊಂಡಕ್ಕೆ ತಳ್ಳಬಹುದು ಎಂಬುದು ಹೊಳೆಯುತ್ತದೆ. ಒಗಟಿನ ಉತ್ತರ ಆಡುವವನಿಗೆ ಮೊದಲೇ ಗೊತ್ತಿದ್ದ ನಿಯಮದಲ್ಲೇ ಇತ್ತು. ಸೋತವನು ಆಟವನ್ನು ಬೈಯುವುದಿಲ್ಲ, ತನ್ನ ಅವಸರವನ್ನು ಬೈದುಕೊಂಡು ಮತ್ತೆ ಕೂರುತ್ತಾನೆ. ಚಿತ್ರಗಳ ಗುಣಮಟ್ಟ ಕಾಲಕ್ಕೆ ತಕ್ಕಂತೆ ಹಳತಾಗುತ್ತದೆ, ಹೀಗೆ ಬಿಗಿಯಾಗಿ ಹೆಣೆದ ನಿಯಮಗಳಿಗೆ ಆ ಭಯವಿಲ್ಲ.

ಜಾಗ ಸಾಲದೆ ಹುಟ್ಟಿದ ನೆರಳು

ಆಟದ ಅತ್ಯಂತ ಪ್ರಸಿದ್ಧ ಪಾತ್ರ ಹುಟ್ಟಿದ್ದು ಕಂಪ್ಯೂಟರಿನ ಬಡತನದಿಂದ. ಅದನ್ನು ತಿಳಿಯಲು ಮೆಮೊರಿ ಎಂದರೇನೆಂದು ನೋಡಬೇಕು. ಆಟ ನಡೆಯುತ್ತಿರುವಾಗ ಅದಕ್ಕೆ ಬೇಕಾದ ಚಿತ್ರ, ಶಬ್ದ, ಸೂಚನೆಗಳನ್ನು ಕಂಪ್ಯೂಟರ್ ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗವೇ ಮೆಮೊರಿ. ಅದನ್ನು ಬೈಟುಗಳಲ್ಲಿ ಅಳೆಯುತ್ತಾರೆ. 1,024 ಬೈಟುಗಳು ಸೇರಿದರೆ ಒಂದು ಕಿಲೋಬೈಟ್. ಆಪಲ್ 2ರಲ್ಲಿ ಈ ಆಟಕ್ಕೆ ದೊರೆತದ್ದು ಒಟ್ಟು 128 ಕಿಲೋಬೈಟ್. ಇಂದಿನ ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಸಂಕೇತವೂ ಸಾಮಾನ್ಯವಾಗಿ 3 ಬೈಟು ತೆಗೆದುಕೊಳ್ಳುವುದರಿಂದ, ನೀವು ಓದುತ್ತಿರುವ ಈ ಬರಹವೊಂದೇ ಆ ಜಾಗದ ದೊಡ್ಡ ಪಾಲನ್ನು ನುಂಗಿಬಿಡುತ್ತದೆ.

ಹುಡುಗನ ಓಟ, ಜಿಗಿತ, ಹತ್ತುವಿಕೆಗಳ ಚಿತ್ರಗಳೇ ಈ ಜಾಗವನ್ನೆಲ್ಲ ತುಂಬಿಬಿಟ್ಟವು. ಮೆಕ್ನರ್ ಮೊದಲು ಅಂದುಕೊಂಡಿದ್ದ ಆಟದಲ್ಲಿ ಕಾಳಗವೇ ಇರಲಿಲ್ಲ. ಆದರೆ ಎದುರಾಳಿ ಇಲ್ಲದ ಆಟ ಸಪ್ಪೆಯೆನಿಸುತ್ತಿದೆ ಎಂದು ಜೊತೆಯಲ್ಲಿದ್ದವರು ಪಟ್ಟುಹಿಡಿದರು. ಹೊಸ ಎದುರಾಳಿಗೆ ಹೊಸ ಚಿತ್ರಗಳು ಬೇಕು, ಚಿತ್ರಗಳಿಗೆ ಜಾಗ ಬೇಕು, ಜಾಗವಿಲ್ಲ. ಆಗ ಹೊಳೆದದ್ದು ಹುಡುಗನ ಚಿತ್ರಗಳಿಂದಲೇ ಇನ್ನೊಬ್ಬನನ್ನು ಹುಟ್ಟಿಸುವ ಉಪಾಯ.

ಕಂಪ್ಯೂಟರ್ ಚಿತ್ರವನ್ನು ಸೊನ್ನೆ ಮತ್ತು ಒಂದುಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಒಂದು ಎಂದರೆ ಬೆಳಗಿದ ಚುಕ್ಕೆ, ಸೊನ್ನೆ ಎಂದರೆ ಕತ್ತಲು. ಹುಡುಗನ ಮೈಯ ಒಂದು ಅಡ್ಡಸಾಲು 0011110 ಎಂದಿದೆಯೆಂದುಕೊಳ್ಳೋಣ. ಅದನ್ನೇ ಒಂದು ಚುಕ್ಕೆಯಷ್ಟು ಬಲಕ್ಕೆ ಸರಿಸಿದರೆ 0001111 ಆಗುತ್ತದೆ. ಈಗ ಎರಡನ್ನೂ ಒಂದರ ಕೆಳಗೆ ಒಂದಿಟ್ಟು, ಎರಡೂ ಬೇರೆಯಾಗಿರುವಲ್ಲಿ ಒಂದು, ಒಂದೇ ಆಗಿರುವಲ್ಲಿ ಸೊನ್ನೆ ಎಂದು ಬರೆದರೆ 0010001 ಸಿಗುತ್ತದೆ. ನಡುವಿನ ಮೈಯೆಲ್ಲ ಮಾಯವಾಗಿ ಎರಡು ಅಂಚುಗಳು ಮಾತ್ರ ಉಳಿದವು. ಹೀಗೆ ಹೋಲಿಸುವ ಲೆಕ್ಕಕ್ಕೆ ಎಕ್ಸ್‌ಕ್ಲೂಸಿವ್ ಆರ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಭಾಗವಾದ ಪ್ರೊಸೆಸರ್ ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡಬಲ್ಲದು, ಹೊಸ ಚಿತ್ರವೊಂದನ್ನೂ ಶೇಖರಿಸಬೇಕಿಲ್ಲ. ಪ್ರತಿ ಫ್ರೇಮಿಗೂ ಈ ಲೆಕ್ಕ ಹಾಕಿದಾಗ ಪರದೆಯ ಮೇಲೆ ಹುಡುಗನದೇ ನಡೆ, ಹುಡುಗನದೇ ಓಟವಿರುವ, ಒಳಗೆ ಏನೂ ಇಲ್ಲದೆ ಮಿನುಗುವ ಒಂದು ಭೂತಾಕೃತಿ ಎದ್ದುನಿಂತಿತು.

ಯಂತ್ರದ ಉಪಾಯ ಅಲ್ಲಿಗೇ ಮುಗಿದಿದ್ದರೆ ಅದೊಂದು ಚಮತ್ಕಾರವಷ್ಟೇ ಆಗಿ ಉಳಿಯುತ್ತಿತ್ತು. ಮೆಕ್ನರ್ ಅದನ್ನು ಕಥೆಯನ್ನಾಗಿ ಮಾಡಿದರು. ನಾಲ್ಕನೆಯ ಹಂತದಲ್ಲಿ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ನಿಲ್ಲುತ್ತದೆ. ಓಡಿಬಂದು ಅದರ ಮೂಲಕ ಜಿಗಿದರೆ, ಹುಡುಗ ಒಂದು ಕಡೆಗೆ, ನೆರಳು ಇನ್ನೊಂದು ಕಡೆಗೆ ಹಾರುತ್ತವೆ, ಹುಡುಗನ ಜೀವ ಒಂದೇ ತ್ರಿಕೋನಕ್ಕೆ ಇಳಿಯುತ್ತದೆ. ಮುಂದಿನ ಹಂತದಲ್ಲಿ ನೆರಳು ನಮಗಿಂತ ಮೊದಲೇ ಓಡಿಹೋಗಿ ಔಷಧದ ದೊಡ್ಡ ಕುಪ್ಪಿಯನ್ನು ಕುಡಿದುಬಿಡುತ್ತದೆ. ಅದರ ಮುಂದಿನ ಹಂತದ ಕೊನೆಯಲ್ಲಿ ಬಾಗಿಲು ಮುಚ್ಚಿ ನಮ್ಮನ್ನು ಕೆಳಕ್ಕೆ ಕೆಡವುತ್ತದೆ. ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತದೆ. ಅಲ್ಲಿಯವರೆಗೆ ಎದುರಾದವರನ್ನೆಲ್ಲ ಕಡಿದುಕೊಂಡು ಬಂದ ಆಟಗಾರ ಅದನ್ನೂ ಕಡಿಯುತ್ತಾನೆ, ಹೊಡೆದ ಒಂದೊಂದು ಏಟಿಗೂ ತನ್ನದೇ ಜೀವ ಕಡಿಮೆಯಾಗುತ್ತಿರುವುದನ್ನು ಕಂಡು ಬೆಚ್ಚುತ್ತಾನೆ. ಉತ್ತರವೆಂದರೆ ಕತ್ತಿಯನ್ನು ಒರೆಗೆ ಹಾಕುವುದು. ಹಾಕಿದರೆ ನೆರಳೂ ಹಾಕುತ್ತದೆ; ಹತ್ತಿರ ಹೋದರೆ ಇಬ್ಬರೂ ಒಂದಾಗುತ್ತಾರೆ; ಆಮೇಲೆ ಏನೂ ಇಲ್ಲದ ಜಾಗದತ್ತ ಓಡಿದರೆ ಕಾಲಡಿಯಲ್ಲಿ ಕಲ್ಲುಗಳು ಮೂಡುತ್ತವೆ. ಒಂದೇ ಒಂದು ಮಾತೂ ಇಲ್ಲದೆ, ಆಡುವವನ ಕೈಯಿಂದಲೇ ಇದೆಲ್ಲ ನಡೆಯುತ್ತದೆ. ಬೇಕಾದಷ್ಟು ಮೆಮೊರಿ ಇದ್ದಿದ್ದರೆ ಮೆಕ್ನರ್ ಇನ್ನೊಬ್ಬ ರಾಕ್ಷಸನ ಚಿತ್ರ ಬರೆದು ಮುಗಿಸುತ್ತಿದ್ದರೇನೋ.

ಗಂಟೆಯ ಲೆಕ್ಕ

ಅಂದಿನ ಹೆಚ್ಚಿನ ಆಟಗಳಲ್ಲಿ ಮೂರು ಸಲ ಸತ್ತರೆ ಆಟ ಮುಗಿಯಿತು. ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲದಿಂದ ಬಂದ ಪದ್ಧತಿ ಅದು. ಆಟಗಾರ ಬೇಗ ಸತ್ತರೆ ಬೇಗ ಇನ್ನೊಂದು ನಾಣ್ಯ ಬೀಳುತ್ತದೆ. ಪ್ರಿನ್ಸ್ ಆಟದಲ್ಲಿ ಎಷ್ಟು ಸಲವಾದರೂ ಸಾಯಬಹುದು, ಅದೇ ಹಂತದ ಮೊದಲಿನಿಂದ ಮತ್ತೆ ಶುರು. ಆದರೆ ಹೋದ ಸಮಯ ಹಿಂದೆ ಬರುವುದಿಲ್ಲ. 60 ನಿಮಿಷದ ಗಡಿಯಾರ ನಾವು ಸತ್ತರೂ ಎದ್ದರೂ ಓಡುತ್ತಲೇ ಇರುತ್ತದೆ. ಈ ಒಂದು ಆಯ್ಕೆಯಿಂದ ಧೈರ್ಯಕ್ಕೂ ಎಚ್ಚರಕ್ಕೂ ಸಮನಾದ ಬೆಲೆ ಬಂತು: ಮೆಲ್ಲಗೆ ನಡೆದರೆ ಜೀವ ಉಳಿಯುತ್ತದೆ, ಸಮಯ ಹೋಗುತ್ತದೆ, ಓಡಿದರೆ ಸಮಯ ಉಳಿಯುತ್ತದೆ, ಜೀವ ಹೋಗಬಹುದು.

ಗಂಟೆಗಿಷ್ಟು ಎಂದು ಹಣ ಕೊಟ್ಟು ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರಿಗೆ ರಾಜಕುಮಾರಿಯ ಗಂಟೆಯೂ ತಮ್ಮ ಗಂಟೆಯೂ ಒಂದೇ ಆಗಿ ಕಾಡುತ್ತಿದ್ದವು. ಮೂರನೆಯ ಹಂತ ಮುಟ್ಟಿದ ಮೇಲೆ ಕಂಟ್ರೋಲ್ ಮತ್ತು ಜಿ ಕೀಗಳನ್ನು ಒಟ್ಟಿಗೆ ಒತ್ತಿ ಆಟವನ್ನು ಉಳಿಸಿಡಬಹುದಿತ್ತು, ಲೋಡ್ ಶೆಡ್ಡಿಂಗಿನ ದಿನಗಳಲ್ಲಿ ಅದನ್ನು ಮರೆತವರ ಪಾಡು ಹೇಳತೀರದು. ಆಟವನ್ನು ತೆರೆಯುವಾಗಲೇ ಹೆಸರಿನ ಮುಂದೆ ಮೆಗಾಹಿಟ್ ಎಂದು ಸೇರಿಸಿದರೆ ಕಳ್ಳದಾರಿ ತೆರೆಯುತ್ತದೆ, ಶಿಫ್ಟ್ ಮತ್ತು ಎಲ್ ಒತ್ತಿ ಹಂತಗಳನ್ನು ಹಾರಿಸಬಹುದು ಎಂಬ ಗುಟ್ಟು ಬಾಯಿಂದ ಬಾಯಿಗೆ ದಾಟುತ್ತಿದ್ದುದೂ ಈ ಗಂಟೆಯ ಒತ್ತಡದಿಂದಲೇ. 1992ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ, ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ ಬಂದ ಆವೃತ್ತಿಯಲ್ಲಿ ಹಂತಗಳನ್ನು 20ಕ್ಕೂ ಸಮಯವನ್ನು ಎರಡು ಗಂಟೆಗೂ ಏರಿಸಿದರು.

ಖಾಲಿ ಬಿಟ್ಟ ಪರದೆ, ಖಾಲಿ ಬಿಟ್ಟ ಕಿವಿ

ಆಡುತ್ತಿರುವಾಗ ಪರದೆಯ ಮೇಲೆ ಅಂಕಗಳಿಲ್ಲ, ನಕ್ಷೆಯಿಲ್ಲ, ಬಾಣದ ಗುರುತಿಲ್ಲ. ಇರುವುದು ತ್ರಿಕೋನಗಳು ಮಾತ್ರ. ಹಿನ್ನೆಲೆಯಲ್ಲಿ ಸತತವಾಗಿ ಸಂಗೀತವೂ ಬಾರಿಸುವುದಿಲ್ಲ. ಮೆಕ್ನರ್ ತಂದೆ ಫ್ರಾನ್ಸಿಸ್ ರಚಿಸಿದ ತುಣುಕುಗಳು ಅಲ್ಲಲ್ಲಿ ಒಂದಿಷ್ಟು ಕೇಳಿ ನಿಂತುಹೋಗುತ್ತವೆ. ಉಳಿದಂತೆ ಹೆಜ್ಜೆಯ ಸಪ್ಪಳ, ಸಡಿಲ ಕಲ್ಲು ಕಟಕಟನೆ ಅಲುಗಿ ಬೀಳುವ ಸದ್ದು, ಎಲ್ಲೋ ಒಂದು ಬಾಗಿಲು ಮೇಲೇರುವ ಸದ್ದು. ಬಾಗಿಲ ಸದ್ದು ಕೇಳಿತೆಂದರೆ ಅದು ಇಳಿದು ಮುಚ್ಚುವುದರೊಳಗೆ ಓಡಬೇಕು, ಹಾಗಾಗಿ ಇಲ್ಲಿ ಕಿವಿಗೂ ಕೆಲಸವಿದೆ.

ಗೋಳಗುಮ್ಮಟದ ಊರಿನವರಿಗೆ ಕಂಡದ್ದು

ಆಟದ ಪರ್ಷಿಯಾ ಇತಿಹಾಸದ ಇರಾನ್ ಅಲ್ಲ. ಅದು ಅರೇಬಿಯನ್ ನೈಟ್ಸ್ ಕಥೆಗಳನ್ನು ಓದಿ, ಹಳೆಯ ಹಾಲಿವುಡ್ ಚಿತ್ರಗಳನ್ನು ನೋಡಿ ಬೆಳೆದ ನ್ಯೂಯಾರ್ಕಿನ ತರುಣನ ಕಲ್ಪನೆ. ಆದರೆ ಆ ಕಮಾನುಗಳು, ಕಲ್ಲಿನ ಕಂಬಗಳು, ಒಂದರೊಳಗೊಂದು ತೆರೆದುಕೊಳ್ಳುವ ಕೋಣೆಗಳು ವಿಜಯಪುರದ ಮಕ್ಕಳಿಗೆ ಪರಕೀಯವೆನಿಸಲಿಲ್ಲ. 1490ರಿಂದ 1686ರವರೆಗೆ ಆಳಿದ ಆದಿಲ್‌ಶಾಹಿ ಸುಲ್ತಾನರ ದರ್ಬಾರಿನಲ್ಲಿ ಪರ್ಷಿಯನ್ ಭಾಷೆಗೆ ದೊಡ್ಡ ಸ್ಥಾನವಿತ್ತು, ಇರಾನಿನ ಕಡೆಯಿಂದ ಬಂದ ವಿದ್ವಾಂಸರು, ಕಲಾವಿದರು ಇಲ್ಲಿ ನೆಲೆಸಿದ್ದರು. 1656ರ ಗೋಳಗುಮ್ಮಟದ ಮೂಲೆಯ ಗೋಪುರಗಳೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿ ಏದುಸಿರು ಬಿಟ್ಟ ಶಾಲೆಯ ಹುಡುಗನಿಗೆ, ನೆಲಮಾಳಿಗೆಯಿಂದ ಅಂತಸ್ತು ಅಂತಸ್ತಾಗಿ ಮೇಲೇರುವ ಆಟ ಏನು ಕೇಳುತ್ತಿದೆ ಎಂಬುದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಕಟ್ಟಿ ಮುಗಿಸದೆ ಉಳಿದ ಬಾರಾ ಕಮಾನಿನ ಸಾಲನ್ನು ಕಂಡವರಿಗಂತೂ ಆಟದ ಅರಮನೆಯ ಹಂತಗಳು ಪಕ್ಕದ ಓಣಿಯಲ್ಲೇ ಇದ್ದಂತಿದ್ದವು.

ಸವೆದ ಜಾಗಗಳು

ಎಲ್ಲವೂ ಇಂದಿಗೆ ಒಗ್ಗುತ್ತದೆ ಎಂದರೆ ತಪ್ಪಾದೀತು. ರಾಜಕುಮಾರಿ ಆಟದುದ್ದಕ್ಕೂ ಕೋಣೆಯಲ್ಲಿ ಕಾಯುತ್ತ ಕೂರುತ್ತಾಳೆ. ಎಂಟನೆಯ ಹಂತದಲ್ಲಿ ಹುಡುಗ ಸಿಕ್ಕಿಬಿದ್ದಾಗ ತನ್ನ ಬಿಳಿ ಇಲಿಯನ್ನು ಕಳಿಸಿ ಬಾಗಿಲು ತೆರೆಸುವುದೊಂದೇ ಅವಳು ಮಾಡುವ ಕೆಲಸ. ಪೂರ್ವದೇಶವೆಂದರೆ ಕ್ರೂರ ವಜೀರ, ಸೆರೆಯಾದ ಸುಂದರಿ ಎಂಬ ಹಳೆಯ ಪಾಶ್ಚಾತ್ಯ ಚಿತ್ರವನ್ನೂ ಆಟ ಪ್ರಶ್ನಿಸದೆ ಎತ್ತಿಕೊಂಡಿದೆ. ಕತ್ತಿ ಒರೆಯಲ್ಲಿದ್ದಾಗ ಒಂದೇ ಏಟಿಗೆ ಸಾಯುವುದು ಮೊದಲ ಸಲ ಅನ್ಯಾಯವೆನಿಸಿದರೆ ಆಡುವವರನ್ನು ದೂರುವಂತಿಲ್ಲ.

ಈಗ ಆಡಬೇಕೆಂದರೆ

ಹಳೆಯ ಡಾಸ್ ತಂತ್ರಾಂಶಗಳು ಇಂದಿನ ಕಂಪ್ಯೂಟರಿನಲ್ಲಿ ನೇರವಾಗಿ ನಡೆಯುವುದಿಲ್ಲ. ಹಳೆಯ ಯಂತ್ರದ ವೇಷ ಹಾಕುವ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಅವನ್ನು ನಡೆಸಬಹುದು. ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಬ್ರೌಸರಿನಲ್ಲೇ ಆಡಲು ಬರುತ್ತದೆ. ಡಾಸ್ ಆವೃತ್ತಿಯನ್ನು ಬಿಚ್ಚಿ ನೋಡಿ ಅಭಿಮಾನಿಗಳು ಮರುರಚಿಸಿದ ಎಸ್‌ಡಿಎಲ್‌ಪಾಪ್ ಇಂದಿನ ವಿಂಡೋಸ್, ಲಿನಕ್ಸ್‌ಗಳಲ್ಲಿ ನಡೆಯುತ್ತದೆ. ಮೊಬೈಲಿಗಿಂತ ಕೀಬೋರ್ಡ್ ಇರುವ ಕಂಪ್ಯೂಟರೇ ಲೇಸು, ಶಿಫ್ಟ್ ಕೀ ಇಲ್ಲದೆ ಈ ಆಟ ಅರ್ಧ ಆಟ. ಮೊದಲ ಹಂತ ಮುಗಿದೊಡನೆ ಅಕ್ಷರಗಳು ತೇಲುವ ಕುಪ್ಪಿಗಳ ಕೋಣೆಯೊಂದು ಎದುರಾದರೆ ಗಾಬರಿಯಾಗಬೇಕಿಲ್ಲ. ಪೆಟ್ಟಿಗೆಯೊಂದಿಗೆ ಬರುತ್ತಿದ್ದ ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಅಕ್ಷರ ಯಾವುದು ಎಂದು ಕೇಳಿ, ಕಳ್ಳಪ್ರತಿಗಳನ್ನು ತಡೆಯಲು ಮಾಡಿದ್ದ ಏರ್ಪಾಡು ಅದು.

ಎಂಜಿನಿಯರಿಂಗ್ ಓದುವವರಿಗೆ ಇನ್ನೂ ಒಂದು ದಾರಿಯಿದೆ. ಕಳೆದೇಹೋಯಿತೆಂದುಕೊಂಡಿದ್ದ ಮೂಲ ಕೋಡಿನ ಫ್ಲಾಪಿಗಳು ಮೆಕ್ನರ್ ತಂದೆಯ ಮನೆಯ ಕಪಾಟಿನ ಪೆಟ್ಟಿಗೆಯೊಂದರಲ್ಲಿ 2012ರಲ್ಲಿ ಸಿಕ್ಕವು. ಹಳೆಯ ಡಿಸ್ಕುಗಳನ್ನು ಬಲ್ಲವರ ನೆರವಿನಿಂದ ಅವನ್ನು ಓದಿಸಿ, ಆ ಕೋಡನ್ನು ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲಾಗಿದೆ. ಓದಲು ಸಿಗುತ್ತದೆಂದ ಮಾತ್ರಕ್ಕೆ ಆಟದ ಹಕ್ಕುಗಳು ಮುಕ್ತವಾದವೆಂದು ಅರ್ಥವಲ್ಲ. 6502 ಎಂಬ ಪ್ರೊಸೆಸರಿನ ಅಸೆಂಬ್ಲಿ ಭಾಷೆಯಲ್ಲಿ, ಒಂದೊಂದು ಬೈಟನ್ನೂ ಲೆಕ್ಕವಿಟ್ಟು ಬರೆದ ಕೋಡು ಅದು. ಅಸೆಂಬ್ಲಿಯ ಮೊದಲ ಪಾಠಗಳಷ್ಟೇ ಆಗಿರುವ ವಿದ್ಯಾರ್ಥಿಯೂ ಅದನ್ನು ತೆರೆದು, ಸೊನ್ನೆ ಒಂದುಗಳನ್ನು ಹೋಲಿಸುವ ಎಕ್ಸ್‌ಕ್ಲೂಸಿವ್ ಆರ್ ಸೂಚನೆಯನ್ನು ಹುಡುಕುವುದರಿಂದ ಓದು ಶುರುಮಾಡಬಹುದು.